ಚೆನ್ನಾಗಿದ್ದೀನಿ ಆಂಟಿ, ನೀವು?

ಡೊಂಬಿವಲಿ
12 ನವೆಂಬರ್ 2025, ಬುಧವಾರ

ಚಿ. ಆಶ್ರಿತಾಳಿಗೆ ಅಮ್ಮನ ಪ್ರೀತಿಯ ಆಶೀರ್ವಾದಗಳು.

ತಡವಾಯ್ತು, ಬೈಕೋಬೇಡ. ಭಾನುವಾರ ರೂಮಿನ ಬಾಗಿಲು ಮುಚ್ಚಿಕೊಳ್ಳೋ ಮುಂಚೆಯೇ ನೀನು "ಬೋಲೋ ಮತ್ ಮಮ್ಮಿ, ಲಿಖ್ ಕೇ ದೋ" ಅಂದಿದ್ದೆ. ಒಂದೇ ಮನೆಯಲ್ಲಿ ಇದ್ದುಕೊಂಡು ಮಾತಾಡದೆ ಕಾಗದ ಬರೆಯೋದಾ ಅಂತ ನನಗೆ ರೇಗಿತು. ಆಮೇಲೆ ಬರೆಯೋಕೆ ಕೂತರೆ ನಾಚಿಕೆಯಿಂದ ಕೈಯೇ ಓಡಲಿಲ್ಲ. ಮಾತಾಡೋದು ಹಿಂದಿಯಾದರೂ ಅಜ್ಜಿ ಹತ್ತಿರ ಕನ್ನಡ ಓದೋಕೆ ಕಲಿತೆಯಲ್ಲ, ಆ ಧೈರ್ಯದ ಮೇಲೆ ಬರೀತಿದ್ದೀನಿ.

ತಟ್ಟೆ ಅರ್ಧ ಖಾಲಿಯಾಗಿ ಹೊರಗೆ ಬಂತು, ಸಂತೋಷ. ಮೊಸರನ್ನಕ್ಕೆ ಉಪ್ಪಿನಕಾಯಿ ಇವತ್ತೂ ತಾಗಿಸಿಲ್ಲ, ನೋಡಿಕೋ. ಚಿಲಕ ಹಾಕಲ್ಲ ಅಂದ ಮಾತು ಉಳಿಸಿಕೊಂಡಿದ್ದೀಯ, ದೊಡ್ಡದು ಅದು. ಡ್ರಿಲ್ಲಿಂಗ್ ನಿಲ್ಲಿಸಿ ಅಂತ ಅಪ್ಪ ಮೇಲಿನ ಮನೆಯವರಿಗೆ ಹೇಳಿ ಬಂದರು. "ಕಾಕಾ, ಫಕ್ತ ದೋನ್ ದಿವಸ" ಅಂದರಂತೆ. ಅವರ ಎರಡು ದಿವಸ ನನಗೆ ಗೊತ್ತಿಲ್ಲವೇ!

ಈಗ ಶನಿವಾರದ ವಿಷಯ. "ಜೀನೇ ಕಾ ಮನ್ ನಹೀ ಹೈ" ಅಂತ ದೀಪಾವಳಿ ಹೊತ್ತಿಗೆ ನೀನು ಅಂದಾಗ, ಈ ವಯಸ್ಸಿಗೇ ಬದುಕೋಕೆ ಮನಸ್ಸಿಲ್ಲವಾ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಚಿಕ್ಕಂದಿನಿಂದ ಹೋಗ್ತಿದ್ದ ಥೆರಪಿ ಸೆಂಟರಿನವರು "ಹದಿನೆಂಟು ದಾಟಿತಲ್ಲ, ಇನ್ನು ನಮ್ಮಲ್ಲಿ ಆಗಲ್ಲ" ಅಂದರು. ಮಹಾಪೆಯಲ್ಲಿ ಅಪ್ಪನ ಆಫೀಸಿನ ಹತ್ತಿರದ ಮನೋವೈದ್ಯರು "ಆಟಿಸಂ ನಾವು ನೋಡಲ್ಲ" ಅಂದರು. ಅಲ್ಲ, ಆಟಿಸಂ ಮನೆಯಲ್ಲಿಟ್ಟು ಬೇಜಾರು ಮಾತ್ರ ಹೊತ್ತುಕೊಂಡು ಬಾ ಅಂದರೆ ಹೇಗೆ! ಅಂತೂ ಕಲ್ಯಾಣದಲ್ಲಿ ಒಬ್ಬ ಡಾಕ್ಟರು ಶನಿವಾರ ಬನ್ನಿ ಅಂದರು.

ಆಗ ನಾನು ಮಾಡಿದ್ದೇನು? ಕಲ್ಯಾಣ ಎಷ್ಟು ದೂರ, ಎರಡು ಸ್ಟೇಷನ್. ಅಷ್ಟರಲ್ಲೇ ನಿನಗೆ ಪಾಠ. ಕೈ ಆಡಿಸಬೇಡ, ಕಣ್ಣು ನೋಡಿ ಮಾತಾಡು, ಹೆಡ್‌ಫೋನ್ ತೆಗೆದು ಬ್ಯಾಗಿಗೆ ಹಾಕು. ಕನ್ನಡ ಸಂಘದಲ್ಲಿ ನಾಲ್ಕು ಜನರೆದುರು ಹೇಳಲಿ ಅಂತ "ಚೆನ್ನಾಗಿದ್ದೀನಿ ಆಂಟಿ, ನೀವು?" ಅನ್ನೋದನ್ನ ನಿನ್ನ ಬಾಯಲ್ಲಿ ಕೂರಿಸಿದವಳೂ ನಾನೇ ತಾನೇ. ಡಾಕ್ಟರು "ಕೈಸೀ ಹೋ ಬೇಟಾ?" ಅಂದರು. ನೀನು ನೆಟ್ಟಗೆ ಕೂತು, ಅವರ ಕಣ್ಣನ್ನೇ ನೋಡಿ, ನಕ್ಕು, "ಅಚ್ಛೀ ಹೂಂ, ಆಪ್?" ಅಂತ ಅದೇ ಪಾಠವನ್ನ ಹಿಂದಿಯಲ್ಲಿ ಒಪ್ಪಿಸಿದೆ. "ಎಷ್ಟು ಒಳ್ಳೆ ಹುಡುಗಿ, ಇವಳಿಗೇನೂ ಆಗಿಲ್ಲ, ಸುಮ್ಮನೆ ಹೆದರಬೇಡಿ" ಅಂತ ಕಳಿಸಿಯೇಬಿಟ್ಟರು. ದೀಪಾವಳಿಯಲ್ಲಿ ನೀನಂದ ಮಾತನ್ನ ನಾನಾದರೂ ಹೇಳಬೇಕಿತ್ತು. ಬಾಯಿ ಬಿಡಲಿಲ್ಲ.

ಶುಕ್ರವಾರ ಠಾಣೆಯಲ್ಲಿ ಬೇರೆ ಡಾಕ್ಟರು ಅಪಾಯಿಂಟ್‌ಮೆಂಟ್ ಕೊಟ್ಟಿದ್ದಾರೆ. ಉತ್ತರ ಬರೆದುಕೊಟ್ಟರೂ ಆಗುತ್ತಂತೆ, ಕೇಳಿಕೊಂಡಿದ್ದೀನಿ. ಹೆಡ್‌ಫೋನ್ ಹಾಕಿಕೋ, ಕೈ ಆಡಿಸು, ನೆಲ ನೋಡು. ನಾನು ಒಳಗೆ ಬೇಡ ಅಂದರೆ ಹೊರಗೆ ಕೂರ್ತೀನಿ. ಬರ್ತೀಯಾ? ಬರೋದಾದರೆ ಈ ಕಾಗದವನ್ನ ಬಾಗಿಲ ಕೆಳಗಿಂದ ವಾಪಸ್ ತಳ್ಳು, ಸಾಕು.

ನೂರು ಕಾಲ ಬಾಳು ಕಂದ. ನನಗೋಸ್ಕರ ನಗೋದು ಬೇಡ, ಹೇಗಿದ್ದೀಯೋ ಹಾಗೇ ಬಾಳು.

ನಿನ್ನ ಅಮ್ಮ
ಶ್ರೀವಿದ್ಯಾ

ತಾ.ಕ.: ಬಾಯಿ ಯಾಕೆ ಬಿಡಲಿಲ್ಲ ಅಂತ ಮೇಲೆ ಬರೆಯೋಕಾಗಲಿಲ್ಲ. ಡಾಕ್ಟರು ನಿನ್ನ ಹೊಗಳಿದಾಗ ನನಗೆ ಹೆಮ್ಮೆಯಾಗಿತ್ತು ಕಣೇ. ವಾಪಸ್ ಬರುವಾಗ ಟ್ರೇನಲ್ಲಿ ನೀನು ಮೆತ್ತಗೆ "ಮಮ್ಮಿ, ಅಬ್ ರೋ ಸಕತೀ ಹೂಂ?" ಅಂತ ಅಳೋಕೆ ಅಪ್ಪಣೆ ಕೇಳಿದೆ. ಜನ ನೋಡ್ತಾರೆ, ಎರಡೇ ಸ್ಟೇಷನ್, ತಡಕೋ ಅಂದೆ. ಮನೆಗೆ ಬಂದ ಮೇಲೂ ನೀನು ಅಳಲಿಲ್ಲ. ನಾನು ಹೂಂ ಅನ್ನಲಿ ಅಂತ ಇನ್ನೂ ಕಾಯ್ತಾ ಇದ್ದೀಯೇನೇ?