ಫುಗಡಿಯಲ್ಲಿ ಬಿಟ್ಟ ಕೈ

ಬಾಬಾ,

ಮಂಗಳಾಗೌರಿಯ ದಿನ ಆಜಿಯೊಂದಿಗೆ ಕೈ ಕೈ ಹಿಡಿದು ಫುಗಡಿ ಸುತ್ತುವಾಗ ನಾನು ಕೈ ಬಿಟ್ಟೆ. ನಿನ್ನ ತಾಯಿಯ ಸೊಂಟದ ಮೂಳೆಯೂ ಎಡ ಮಣಿಕಟ್ಟೂ ಮುರಿದವು.

"ಕಾಲು ಜಾರಿತು," ಎಂದು ಅವಳು ಡಾಕ್ಟರಿಗೆ ಸುಳ್ಳು ಹೇಳಿದಳು.

"ಇಲ್ಲ, ನಾನೇ ಕೈ ಬಿಟ್ಟಿದ್ದು," ಎಂದೆ.

ಆಪರೇಷನ್ ಆಯಿತು. ಬೇಗ ನಡೆಯದಿದ್ದರೆ ಹಾಸಿಗೆಯೇ ಗತಿ ಎಂದರು. ವಾಕರ್ ಹಿಡಿಯಲು ಎರಡು ಕೈ ಬೇಕು. ಅವಳ ಒಂದು ಕೈ ಪ್ಲಾಸ್ಟರಿನಲ್ಲಿದೆ. ಇವತ್ತು ಹೆದರುತ್ತಲೇ ನಾನು ಕೈ ಚಾಚಿದೆ.

"ಸಾಲೆ ಬಿಟ್ಟೆ, ನನ್ನ ಕೈ ಬಿಟ್ಟೆ. ಇನ್ನೇನ್ ಬಿಡ್ತೀಯೇ ಪೋರಿ?"

ನಿನ್ನ ಕೊನೆಯ ದಿನಗಳಲ್ಲಿ ನಾನು ಮನೆ ಬಿಟ್ಟು ಹೋದದ್ದನ್ನು ಮಾತ್ರ ಅವಳು ಹೇಳಲಿಲ್ಲ. ನನ್ನ ಕೈ ಹಿಡಿದು ಬಾಗಿಲವರೆಗೆ ಒಂಬತ್ತು ಹೆಜ್ಜೆ ನಡೆದಳು.

ಈಗ ಮಲಗಿದ್ದಾಳೆ. ನನ್ನ ಬಲಗೈ ಇನ್ನೂ ಬಿಟ್ಟಿಲ್ಲ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ.