ಎರಡನೆಯ ಸಹಿ

ನನ್ನ ಮೇಜಿನ ಆ ಬದಿಯವರಿಗೆ,

ಈ ಪತ್ರವನ್ನು ನೀವೊಬ್ಬರೇ ಓದಿಕೊಳ್ಳಬಹುದು. ಇದಕ್ಕೆ ಇಬ್ಬರು ಬೇಕಿಲ್ಲ.

ಹನ್ನೊಂದು ವರ್ಷ ಒಂದೇ ಮುದ್ರಣಾಲಯದಲ್ಲಿ ಕರಡು ತಿದ್ದಿದ್ದೇವೆ. ನೀವು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ನಾನು ಅಚ್ಚಿನ ಹಾಳೆಯ ಮೇಲೆ ಪೆನ್ನು ಓಡಿಸುವುದು, ಕೊನೆಗೆ ಇಬ್ಬರೂ ಸಹಿ ಹಾಕುವುದು. ಮದುವೆಯಾದ ಹೊಸತರಲ್ಲಿ ಈ ಕೆಲಸವನ್ನು ನಿಮಗೆ ಕಲಿಸಿದ್ದು ನಾನು. "ಹೆಂಡತಿಯ ಶಿಷ್ಯ" ಎಂದು ಎಲ್ಲರೂ ಕಾಡಿಸುತ್ತಿದ್ದರು, ನೀವೂ ನಗುತ್ತಿದ್ದಿರಿ.

ಅತ್ತೆ ಹಾಸಿಗೆ ಹಿಡಿದ ಮೇಲೆ ನಾನು ಸಂಜೆ ಐದಕ್ಕೇ ಹೊರಡತೊಡಗಿದೆ. ಹಗಲು ನೋಡಿಕೊಳ್ಳುವ ಪಕ್ಕದ ಮನೆಯಾಕೆ ಐದೂವರೆಗೆ ಎದ್ದು ಹೊರಟುಬಿಡುತ್ತಾರೆ. ಆಮೇಲೆ ಅತ್ತೆಯ ಮಗ್ಗುಲು ಬದಲಿಸಬೇಕು, ಬಟ್ಟೆ ಒಗೆಯಬೇಕು, ಅಡುಗೆಯಾಗಬೇಕು. "ನೀನಿದ್ದೀಯಲ್ಲ, ನಂಗೇನು ಚಿಂತೆ" ಎಂದಿರಿ. ಬೆಳಿಗ್ಗೆ ಮುಂಚೆ ಬಂದು ಆ ಹೊತ್ತನ್ನು ತುಂಬಿಸಿಕೊಟ್ಟೆ. ಎರಡು ಹಿರಿಯ ಹುದ್ದೆ ಬರುತ್ತವೆ, ಸಂಜೆ ಏಳರವರೆಗೆ ಇರಬೇಕು, ಇಬ್ಬರಿಗೂ ಒಂದೇ ಸಂಬಳ ಎಂದು ಮ್ಯಾನೇಜರು ಹೇಳಿದ ದಿನ, ಸಂಜೆಗೂ ಯಾರನ್ನಾದರೂ ಇಡೋಣ ಎಂದೆ. "ಹೂಂ" ಎಂದಿರಿ.

ನಿನ್ನೆ ನಮ್ಮ ಕಚೇರಿಯದೇ ಸುತ್ತೋಲೆ ಅಚ್ಚಿಗೆ ಬಂತು. "ಒಂದು ಪುಟ ತಾನೇ, ನಾನೇ ನೋಡ್ತೀನಿ, ನೀನು ಟೀ ಕುಡ್ಕೊಂಡು ಬಾ" ಎಂದಿರಿ. ಕಾಳಜಿ ಎಂದುಕೊಂಡೆ. ಮರಳುವಾಗ ಬಾಗಿಲಲ್ಲೇ ಫೋರ್‌ಮನ್ ಆ ಹಾಳೆ ಹಿಡಿದು ನಿಂತಿದ್ದರು. "ಏನಮ್ಮ ತಂಗಿ, ನಿಮ್ಮ ಯಜಮಾನ್ರು ಒಬ್ರೇ ಸಂಸಾರ ಮಾಡ್ತಾರಂತಾ? ಒಂಟಿ ಸಹಿಗೆ ನನ್ನ ಮಷಿನ್ ಓಡಲ್ಲ."

ಓದಿದೆ. ಒಂದು ಹಿರಿಯ ಹುದ್ದೆ ನಿಮಗೆ, ಇನ್ನೊಂದು ಹೊಸಬನೊಬ್ಬನಿಗೆ. ಕೆಳಗೆ ನನ್ನ ಹೆಸರು: ಮನೆಯ ಹೊಣೆಯ ಕಾರಣ ಸ್ವಂತ ಇಚ್ಛೆಯಿಂದ ಹಳೆಯ ಸಂಬಳದಲ್ಲೇ ಮುಂದುವರಿಯುತ್ತಾರೆ, ಪತಿಯವರು ಬರೆದು ತಿಳಿಸಿದ್ದಾರೆ.

ಹಾಳೆಯಲ್ಲಿ ಒಂದೇ ಒಂದು ಅಚ್ಚಿನ ತಪ್ಪಿರಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೆ.

ಆ ಸಾಲನ್ನು ಹೊಡೆದುಹಾಕಿ, ಅಂಚಿನಲ್ಲಿ "ನನ್ನನ್ನು ಯಾರೂ ಕೇಳಿಲ್ಲ" ಎಂದು ಬರೆದು, ಸಹಿ ಹಾಕದೆ ಮ್ಯಾನೇಜರಿಗೆ ಕೊಟ್ಟೆ. ಅವರೇನು ಮಾಡುತ್ತಾರೋ ತಿಳಿಯದು. ನಾನೇನು ಮಾಡುತ್ತೇನೆ ಎಂಬುದು ತಿಳಿದಿದೆ. ಸೋಮವಾರದಿಂದ ಏಳರವರೆಗೂ ಮೇಜು ಬಿಟ್ಟು ಏಳುವುದಿಲ್ಲ. ಐದಕ್ಕೆ ನೀವು ಹೊರಡಿ. ಎಡ ಮಗ್ಗುಲಿಗೆ ಮಲಗಿಸಬೇಡಿ, ಅತ್ತೆಗೆ ನೋಯುತ್ತದೆ. ಮಾತ್ರೆಗಳು ಕಿಟಕಿಯ ಹತ್ತಿರದ ಡಬ್ಬಿಯಲ್ಲಿವೆ. ಎಂಟು ವರ್ಷದಿಂದ ಅಲ್ಲೇ ಇವೆ.

ನಿಮ್ಮ ತಾಯಿ ನಿಮ್ಮ ಕೈಯಲ್ಲಿ ಸುಖವಾಗಿರಲಿ.

ಇಂತಿ,
ಸಹಿ ಹಾಕದವಳು