ಚಿಕ್ಕಬೀರಮ್ಮನ ಹೊಲದಲ್ಲಿ ಸರ್ಕಾರದ ಮುಯ್ಯಿ

ಮಾನ್ಯ ಕೃಷಿ ಅಧಿಕಾರಿಗಳೇ,

ತಮ್ಮ ಗೊಬ್ಬರ ಎರಚುವ ಯಂತ್ರ ಯುಗಾದಿ ಕಳೆದ ಮೇಲೆ ನಮ್ಮೂರಿನ ಚಿಕ್ಕಬೀರಮ್ಮನ ಹೊಲಕ್ಕೆ ಬಂದದ್ದು ಇನ್ನೂ ಹೋಗಿಲ್ಲ. ಎಂಥ ನೆಂಟನಾದರೂ ಎರಡು ದಿನ ಉಂಡು, ಮೂರನೆಯ ದಿನ ಮನೆಯವರ ಮುಖ ನೋಡಿ ಎದ್ದು ಹೋಗುತ್ತಾನೆ. ತಮ್ಮ ಯಂತ್ರಕ್ಕೆ ಮುಖ ನೋಡುವ ಅಭ್ಯಾಸವಿಲ್ಲ. ಭರಣಿ ಮಳೆ ಬಂದು ಹೋಯಿತು, ಕೃತ್ತಿಕೆ ಮುಗಿಯುತ್ತಾ ಬಂತು, ರೋಹಿಣಿ ಬಾಗಿಲಲ್ಲಿ ನಿಂತಿದೆ. ಊರಿನ ಹೊಲಗಳೆಲ್ಲ ಒಂದು ಸಾಲು ಉಳುಮೆ ಕಂಡಿವೆ. ಚಿಕ್ಕಬೀರಮ್ಮನ ಹೊಲಕ್ಕೆ ಮಾತ್ರ ನೇಗಿಲು ಇಳಿದಿಲ್ಲ. ಆ ಮನೆಯ ವರ್ಷದ ಮುದ್ದೆ ಆ ಒಂದು ಹೊಲದಲ್ಲಿದೆ, ಹೊಲದ ನಡುವೆ ತಮ್ಮ ಯಂತ್ರವಿದೆ. ಇದೇ ನನ್ನ ದೂರು. ತಮಗೆ ಪುರುಸೊತ್ತಿಲ್ಲದಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಒಂದು ಟ್ರ್ಯಾಕ್ಟರು ಕಳುಹಿಸಬಹುದು. ಪುರುಸೊತ್ತಿದ್ದರೆ ಮುಂದೆ ಓದಿ.

ಯಂತ್ರ ಬರುವ ಮೊದಲು ಒಂದು ದಿನ ತಾವೇ ಖುದ್ದಾಗಿ ಬಂದು, ಹೊಂಗೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಗೊಬ್ಬರ ಎರಚುವ ಕಲೆ ಜಗತ್ತಿನಲ್ಲಿ ಬೆಳೆದು ಬಂದ ಬಗೆಯನ್ನು ವಿವರಿಸಿದಿರಿ. ಮೊದಲು ಮನುಷ್ಯನ ಕೈ, ಆಮೇಲೆ ಕವೆಗೋಲು, ಆಮೇಲೆ ಕುದುರೆಗಾಡಿ, ಆಮೇಲೆ ಗಾಡಿಯ ತಳದಲ್ಲಿ ಸರಪಳಿ, ಹಿಂದೆ ಹಲ್ಲಿನ ಉರುಳೆ, ಕೊನೆಗೆ ಟ್ರ್ಯಾಕ್ಟರು. ಕೇಳಲು ಸೊಗಸಾಗಿತ್ತು. ನಮ್ಮಲ್ಲಿ ಅದು ಕೈಯಿಂದ ಬಿದಿರಿನ ಮಂಕರಿಗೆ ಬಂದು, ಮಂಕರಿಯಿಂದ ಹೆಂಗಸರ ತಲೆಗೆ ಏರಿ, ಅಲ್ಲಿಯೇ ನಿಂತುಬಿಟ್ಟಿದೆ ಎಂದು ತಾವು ಮರುಗಿದಿರಿ. ಆಗ ಕುರಿ ಸಾಕುವ ದೊಡ್ಡಬೀರಯ್ಯ ಎದ್ದು ನಿಂತು ಕೇಳಿದ್ದು ತಮಗೆ ನೆನಪಿರಬಹುದು. "ಸ್ವಾಮಿ, ನಮ್ ಕುರಿಮಂದೆ ಹೊಲದಲ್ಲಿ ಕೂಡಿದ್ರೆ ತಾನೇ ನಡ್ಕಂಡ್ ಬತ್ತದೆ, ತಾನೇ ಗೊಬ್ರ ಎರಚ್ತದೆ, ಎಣ್ಣೆ ಕೇಳಾಕಿಲ್ಲ. ವರ್ಸಕ್ಕೊಂದ್ಸಲ ಮರೀನೂ ಆಕ್ತದೆ. ನಿಮ್ದು ಮರಿ ಆಕ್ತದಾ?" ಸಭೆ ನಕ್ಕಿತು. ತಾವು ನಗಲಿಲ್ಲ. ಪ್ರಗತಿಯ ವಿಷಯದಲ್ಲಿ ನಗಬಾರದೆಂದು ಬಹುಶಃ ತಮ್ಮ ಇಲಾಖೆಯಲ್ಲಿ ಸುತ್ತೋಲೆಯಿರಬೇಕು.

ಆದರೆ ದಯವಿಟ್ಟು ನಮ್ಮನ್ನು ಯಂತ್ರದ ವೈರಿಗಳೆಂದು ಬರೆದುಕೊಳ್ಳಬೇಡಿ. ತಾವು "ಯಾರ ಹೊಲದಲ್ಲಿ ಮಾಡೋಣ?" ಎಂದಾಗ ಗಂಡಸರೆಲ್ಲ ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದರು. ಎದ್ದು ಬಂದವಳು ಚಿಕ್ಕಬೀರಮ್ಮ ಒಬ್ಬಳೇ. ಸೆರಗು ಸರಿಸಿ ನೆತ್ತಿ ತೋರಿಸಿದಳು. ಮದುವೆಯಾಗಿ ಬಂದಾಗಿನಿಂದ ಗೊಬ್ಬರದ ಮಂಕರಿ ಹೊತ್ತು ಹೊತ್ತು ಅಲ್ಲಿ ಅಂಗೈಯಷ್ಟಗಲ ಕೂದಲೇ ಇಲ್ಲ. "ನಂದು ಓಗ್ಲಿ ಬುಡಿ, ಸವೆದದ್ದು ಸವೀತು. ನನ್ ಸೊಸೆ ಬಸುರಿ ಅವ್ಳೆ. ಅವಳ್ ನೆತ್ತಿನಾದ್ರೂ ಉಳೀಲಿ, ನಮ್ ಒಲ್ದಲ್ಲೇ ಮಾಡಿ" ಎಂದಳು. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ನಮ್ಮೂರಿನ ಹೆಂಗಸರೆಲ್ಲ ಸೆರಗು ಹೊದ್ದೇ ಇರುವುದರಿಂದ ಅದರ ಕೆಳಗೆ ಏನಿದೆಯೆಂದು ನಾವು ಯಾರೂ ನೋಡಿರಲಿಲ್ಲ.

ಇನ್ನು ಯಂತ್ರ ಕೆಟ್ಟದ್ದು ಹೇಗೆಂಬ ವಿಚಾರ. ರೈತರು ತಿಪ್ಪೆಗೆ ಕಲ್ಲು ಹಾಕಿ ಯಂತ್ರ ಕೆಡಿಸಿದರೆಂದು ತಮ್ಮ ಕಚೇರಿಯಲ್ಲಿ ಮಾತಿದೆಯಂತೆ. ಶುದ್ಧ ಸುಳ್ಳು. ಯಂತ್ರ ಕೆಟ್ಟದ್ದು ನಮ್ಮ ಮರ್ಯಾದೆಯಿಂದ. ದೊಡ್ಡವರು ಬರುತ್ತಾರೆಂದರೆ ಧೂಳು ಏಳದಂತೆ ದಾರಿಗೆ ನೀರು ಚಿಮುಕಿಸುವುದು ನಮ್ಮ ಕಡೆಯ ಪದ್ಧತಿ. ಗೊಬ್ಬರ ಎರಚುವ ಯಂತ್ರದೆದುರು ದೊಡ್ಡವರು ಕುಳಿತುಕೊಳ್ಳುತ್ತಾರೆಂದರೆ ನೀರು ಚಿಮುಕಿಸಬೇಕಾದದ್ದು ಎಲ್ಲಿಗೆ? ಪ್ರಾತ್ಯಕ್ಷಿಕೆಯ ಹಿಂದಿನ ಸಂಜೆ ಊರಿನ ಹೆಂಗಸರು ಕೊಡಗಟ್ಟಲೆ ನೀರು ಹೊತ್ತು ತಂದು ಚಿಕ್ಕಬೀರಮ್ಮನ ತಿಪ್ಪೆಗೇ ಸುರಿದರು. ತಮ್ಮ ಬಿಳಿ ಅಂಗಿಯ ಮೇಲೆ ಒಂದು ಕಣವೂ ಹಾರಬಾರದೆಂಬ ಕಾಳಜಿ. ಒಣಗಿ ಉದುರುದುರಾಗಿದ್ದ ಗೊಬ್ಬರ ಬೆಳಗಾಗುವಷ್ಟರಲ್ಲಿ ಕಲಸಿದ ರಾಗಿಹಿಟ್ಟಿನ ಹಾಗಾಗಿತ್ತು. ಯಂತ್ರ ಅರ್ಧ ಹೊಲದವರೆಗೆ ಅದನ್ನು ಹೇಗೋ ನುಂಗಿ ಉಗುಳಿತು. ಆಮೇಲೆ ಗೊಬ್ಬರದಲ್ಲಿದ್ದ ಹೊಗೆಸೊಪ್ಪಿನ ಕಡ್ಡಿಯೆಲ್ಲ ಉರುಳೆಗೆ ಸುತ್ತಿಕೊಂಡು, ಒಮ್ಮೆ ನರಳಿ, ಒಂದು ದೊಡ್ಡ ಹೆಂಟೆಯನ್ನು ತಮ್ಮ ಕುರ್ಚಿಯ ಕಡೆಗೇ ಗುರಿಯಿಟ್ಟಂತೆ ಎಸೆದು, ಸರಪಳಿ ಕಡಿದುಕೊಂಡು ನಿಂತಿತು. ತಾವು ಅಂಗಿ ಒರೆಸಿಕೊಳ್ಳುತ್ತಾ ಜೀಪು ಹತ್ತಿದಿರಿ. ಟ್ರ್ಯಾಕ್ಟರು ತಮ್ಮ ಹಿಂದೆಯೇ ಹೋಯಿತು. ಗೊಬ್ಬರ ತುಂಬಿದ ಪೆಟ್ಟಿಗೆ ಅಲ್ಲಿಯೇ ಉಳಿಯಿತು.

ಮರುದಿನ ತಮ್ಮ ಗ್ರಾಮಸೇವಕರು ಬಂದು ಆಜ್ಞೆ ಹೊರಡಿಸಿದರು. ಪ್ರಾತ್ಯಕ್ಷಿಕೆ ಅರ್ಧಕ್ಕೆ ನಿಂತಿದೆಯೇ ಹೊರತು ಮುಗಿದಿಲ್ಲ. ಆದ್ದರಿಂದ ಯಂತ್ರವನ್ನಾಗಲಿ, ಎರಚದೆ ಉಳಿದ ಗೊಬ್ಬರದ ಗುಡ್ಡೆಗಳನ್ನಾಗಲಿ ಯಾರೂ ಮುಟ್ಟತಕ್ಕದ್ದಲ್ಲ. ಪಕ್ಕದ ಹೊಲ ನನ್ನದಾದ ತಪ್ಪಿಗೆ ನನ್ನನ್ನೇ ಕಾವಲಿಗೆ ನೇಮಿಸಿದರು. ಸಂಬಳದ ಮಾತೆತ್ತಿದರೆ "ದೇಶಸೇವೆ ಕಣ್ರೀ" ಎಂದರು. ಆ ದೇಶಸೇವೆಯ ಫಲವಾಗಿ ಈಗ ಊರಿನ ಕೋಳಿಗಳೆಲ್ಲ ಯಂತ್ರದ ಪೆಟ್ಟಿಗೆಯಲ್ಲಿ ಮೊಟ್ಟೆಯಿಡುತ್ತಿವೆ. ಯಾರ ಕೋಳಿ, ಯಾವ ಮೊಟ್ಟೆ ಎಂದು ದಿನವೂ ನನ್ನೆದುರಿಗೆ ಪಂಚಾಯಿತಿ. ಸರ್ಕಾರಿ ಪೆಟ್ಟಿಗೆಯಲ್ಲಿಟ್ಟ ಮೊಟ್ಟೆ ಸರ್ಕಾರದ್ದೇ ಎಂದು ಒಂದು ದಿನ ತೀರ್ಪು ಕೊಟ್ಟು ಬೈಸಿಕೊಂಡೆ.

ನಗುವ ಮಾತು ಇಲ್ಲಿಗೆ ಮುಗಿಯಿತು. ನಮ್ಮೂರಲ್ಲಿ ಗೊಬ್ಬರ ಎರಚುವುದು ಕೂಲಿಯಿಂದಲ್ಲ, ಮುಯ್ಯಿಯಿಂದ. ಇಂದು ನನ್ನ ಹೊಲಕ್ಕೆ ನೀವು ಬಂದರೆ, ನಾಳೆ ನಿಮ್ಮ ಹೊಲಕ್ಕೆ ನಾನು. ಇದರಲ್ಲಿ ಒಂದೇ ಕಟ್ಟಳೆ, ಹಳೆಯ ಮುಯ್ಯಿ ತೀರಿಸದೆ ಹೊಸ ಮುಯ್ಯಿ ಕೇಳಬಾರದು. ಈ ಮುಯ್ಯಾಳುಗಳ ಯಜಮಾನಿಕೆ ಸೋಮಮ್ಮನದು. ಮುಯ್ಯಾಳುಗಳ ಗುಂಪನ್ನು ಬಿಟ್ಟು ಯಂತ್ರ ಕರೆಸಿದಳೆಂದು ಚಿಕ್ಕಬೀರಮ್ಮನ ಮೇಲೆ ಆಕೆಗೆ ಒಳಗೊಳಗೇ ಮುನಿಸು. ಗ್ರಾಮಸೇವಕರ ಆಜ್ಞೆ ಹಾಳಾಗಲಿ, ಉಳಿದರ್ಧ ನೀವೇ ಎರಚಿಕೊಡಿ ಎಂದು ಚಿಕ್ಕಬೀರಮ್ಮ ಕೇಳಲು ಹೋದಾಗ ಸೋಮಮ್ಮ ಹೇಳಿದ್ದು ಹೀಗೆ: "ನಿನ್ ಮುಯ್ಯಿ ಸರ್ಕಾರದ್ ತಾವ ನಿಂತದೆ ಕಣಕ್ಕ. ಅವ್ರು ನಿನ್ ಒಲ್ದಲ್ಲಿ ಅರ್ಧ ದಿನ ಗೇಯ್ದವ್ರೆ. ಮೊದ್ಲು ಅದ ತೀರಿಸ್ಕಂಡ್ ಬಾ, ಆಮೇಲೆ ನಾವು ಬತ್ತೀವಿ."

ಬೇರೆ ಯಾರಾದರೂ ಆಗಿದ್ದರೆ ಜಗಳವಾಡುತ್ತಿದ್ದರು. ಚಿಕ್ಕಬೀರಮ್ಮ "ನ್ಯಾಯ್ವೇ ಬುಡು" ಎಂದಳು. ಮರುದಿನ ಬುತ್ತಿ ಕಟ್ಟಿಕೊಂಡು, ಮಂಕರಿ ಎತ್ತಿಕೊಂಡು, ಸರ್ಕಾರದ ಮುಯ್ಯಿ ತೀರಿಸಲು ಹೊರಟೇಬಿಟ್ಟಳು. ದಾರಿ ತೋರಿಸಲು ಜೊತೆಗೆ ನಾನು. ರಾವಂದೂರಿನಲ್ಲಿ ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದೆವು. ತಾವು ಪ್ರವಾಸದಲ್ಲಿದ್ದಿರಂತೆ. ಅಂದು ನಡೆದದ್ದನ್ನು ತಮ್ಮ ಸಿಬ್ಬಂದಿ ತಮಗೆ ಹೇಳಿರಲಾರರು.

"ಏನಮ್ಮ ಬೇಕು?" ಎಂದು ಗುಮಾಸ್ತರು ಕೇಳಿದರು.

"ಏನೂ ಬ್ಯಾಡ ಕಣಪ್ಪ. ಕೆಲ್ಸ ತೋರ್ಸು, ಮಾಡ್ಬುಟ್ಟು ಓಯ್ತೀನಿ."

"ಇಲ್ಲಿ ಕೆಲಸ ಖಾಲಿ ಇಲ್ಲ. ಇದ್ದರೂ ಅರ್ಜಿ ಹಾಕಬೇಕು."

"ಕೂಲಿಗಲ್ಲಪ್ಪ. ನೀವು ನಮ್ ಒಲ್ದಲ್ಲಿ ಅರ್ಧ ದಿನ ಗೇಯ್ದಿದ್ರಲ್ಲ, ಅದ್ಕೆ ಬದ್ಲು. ಮುಯ್ಯಿ."

ಗುಮಾಸ್ತರು ಕನ್ನಡಕ ತೆಗೆದು ಆಕೆಯನ್ನು ನೋಡಿದರು, ಮಂಕರಿಯನ್ನು ನೋಡಿದರು, ನನ್ನನ್ನು ನೋಡಿದರು. ಸಂಬಳವಿಲ್ಲದೆ ಸರ್ಕಾರದ ಕೆಲಸ ಮಾಡಲು ನಿಯಮದಲ್ಲಿ ಅವಕಾಶವಿಲ್ಲವೆಂದರು. ಸರಿಯಾದ ಮಾತು. ಸಂಬಳ ಪಡೆದು ಕೆಲಸ ಮಾಡದಿರುವುದಕ್ಕೆ ಮಾತ್ರ ಅಲ್ಲಿ ಅವಕಾಶವಿದ್ದಂತೆ ನನಗೆ ಕಂಡಿತು. ಅಷ್ಟರಲ್ಲಿ ಚಿಕ್ಕಬೀರಮ್ಮನ ಕಣ್ಣಿಗೆ ಕಿಟಕಿಯಾಚೆ ತಮ್ಮ ಮಾದರಿ ತಾಕು ಬಿತ್ತು. ಆಳೆತ್ತರದ ಪಾರ್ಥೇನಿಯಂ ಗಿಡದ ನಡುವೆ 'ಮಾದರಿ' ಎಂಬ ಹಲಗೆ ಇಣುಕುತ್ತಿತ್ತು. ಯಾರನ್ನೂ ಕೇಳದೆ ಹೋಗಿ ಕಳೆ ಕೀಳಲು ಕುಳಿತಳು. ಒಂದು ಮೂಲೆ ಚೊಕ್ಕವಾಗುವಷ್ಟರಲ್ಲಿ ಜವಾನ ಓಡಿ ಬಂದು ಕೈಹಿಡಿದು ಎಬ್ಬಿಸಿ ಗೇಟಿನಾಚೆ ಬಿಟ್ಟ. ಕಿತ್ತ ಕಳೆಯನ್ನು ತುಂಬಿಕೊಂಡಿದ್ದ ಮಂಕರಿಯನ್ನು ಅಲ್ಲೇ ಬೋರಲು ಹಾಕಿಸಿದ. ಅದೂ ಸರ್ಕಾರಿ ಕಳೆಯಂತೆ.

ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ ಖಾಲಿ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಊರು ಹತ್ತಿರವಾದಾಗ, "ಮಾಡೋ ಮುಯ್ಯೀನೂ ಬ್ಯಾಡ ಅಂದ್ರಲ್ಲ ಕಣ್ಲಾ ಶಿವನಂಜ. ನಾವು ಅವ್ರ ಲೆಕ್ಕದಲ್ಲಿ ಮನುಸ್ರಲ್ವಾ?" ಎಂದಳು. ಸ್ವಾಮಿ, ಕೊಟ್ಟದ್ದನ್ನು ತೆಗೆದುಕೊಳ್ಳಿ, ತಿರುಗಿ ಕೊಡಲು ಮಾತ್ರ ಬರಬೇಡಿ ಎನ್ನುವವನನ್ನು ನಮ್ಮೂರಲ್ಲಿ ದಾನಿ ಎನ್ನುವುದಿಲ್ಲ, ದೊಡ್ಡಸ್ತಿಕೆಯವನು ಎನ್ನುತ್ತಾರೆ. ತಮ್ಮ ಸಹಾಯಧನ, ತಮ್ಮ ಪ್ರಾತ್ಯಕ್ಷಿಕೆ, ತಮ್ಮ ಭಾಷಣ ಎಲ್ಲವೂ ಮೇಲಿನಿಂದ ಕೆಳಕ್ಕೆ ಸುರಿಯುವ ಮಳೆ. ನಾವೇನಾದರೂ ಒಂದು ಹಿಡಿ ಮೇಲಕ್ಕೆ ಚಾಚಿದರೆ ಜವಾನ ಬರುತ್ತಾನೆ. ಇದು ಯಾವ ಸೀಮೆಯ ಪ್ರಗತಿ?

ಬಸ್ಸಿನ ಮಾತನ್ನು ನಾನು ಸೋಮಮ್ಮನಿಗೆ ಹೇಳಿದೆ. ಆಕೆ ಎಲೆ ಅಡಿಕೆ ಉಗುಳಿ ಒಳಗೆ ಹೋದಳು. ಇಂದು ಬೆಳಿಗ್ಗೆ ಎದ್ದು ನೋಡುತ್ತೇನೆ, ಊರಿನ ಹೆಂಗಸರೆಲ್ಲ ಮಂಕರಿ ಹೊತ್ತು ಚಿಕ್ಕಬೀರಮ್ಮನ ಹೊಲದಲ್ಲಿದ್ದಾರೆ, ಮುಂದೆ ಸೋಮಮ್ಮ. ಬಸುರಿ ಸೊಸೆಯನ್ನು ಬದುವಿನ ಮೇಲೆ ಕೂರಿಸಿ, ಮಂಕರಿ ಮುಟ್ಟಿದರೆ ಕೈ ಮುರಿಯುತ್ತೇನೆಂದು ಗದರಿಸಿದ್ದಾಳೆ. ನಾನು ಕಾವಲುಗಾರನ ಗತ್ತಿನಲ್ಲಿ, "ಮುಟ್ಟಬಾರದು ಅಂತ ಆರ್ಡರ್ ಆಗದೆ" ಎಂದೆ. "ಆಡ್ರು ನಿನ್ ತಾವೇ ಮಡಿಕ್ಕೊ" ಎಂದಳು ಸೋಮಮ್ಮ. ಹಾಗಾದರೆ ಮುಯ್ಯಿಯ ಕಟ್ಟಳೆ ಏನಾಯಿತು ಎಂದೆ. ಆಕೆ ಮಂಕರಿ ಇಳಿಸಿ, ಸೊಂಟಕ್ಕೆ ಕೈಯಿಟ್ಟು ಹೇಳಿದಳು:

"ಪೂರಾ ಒಲ ಮಾಡ್ತೀವಿ ಅಂತ ಒಪ್ಕಂಡ್ ಬಂದೋರು ಅರ್ಧಕ್ಕೆ ಬುಟ್ಟು ಓದ್ರೆ ಬಾಕಿ ಯಾರ್ದು? ಅವ್ರ್ದೇ ಅಲ್ವಾ? ಚಿಕ್ಕಬೀರಕ್ಕ ತೀರ್ಸಾಕೋದ್ಲು, ಅವ್ರು ಬ್ಯಾಡ ಅಂದ್ರು. ಅವಳ್ ಲೆಕ್ಕ ಅಲ್ಗೇ ಮುಗೀತು. ಇವತ್ತು ನಾವ್ ಗೇಯ್ತಿರಾದು ಅವಳ್ಗಲ್ಲ, ಸರ್ಕಾರದ್ ಬದ್ಲಿಗೆ. ಬರ್ಕೊ ಕಾಗ್ದದಲ್ಲಿ."

ಬರೆದಿದ್ದೇನೆ. ತಮ್ಮ ಪ್ರಾತ್ಯಕ್ಷಿಕೆ ಮಧ್ಯಾಹ್ನದ ಹೊತ್ತಿಗೆ ಯಶಸ್ವಿಯಾಗಿ ಮುಗಿಯಿತು. ಯಂತ್ರ ನಿಂತ ಜಾಗವೊಂದನ್ನು ಬಿಟ್ಟು ಹೊಲವೆಲ್ಲ ಸಮನಾಗಿ ಗೊಬ್ಬರ ಕಂಡಿದೆ.

ಈಗ ನಮ್ಮ ಬೇಡಿಕೆ. ರೋಹಿಣಿ ಹನಿಯುವ ಮೊದಲು ಪೆಟ್ಟಿಗೆಯನ್ನು ತೆಗೆಸಿ. ಇಲ್ಲವಾದರೆ ಎತ್ತು ಕಟ್ಟಿ ರಸ್ತೆಗೆ ಎಳೆಯುತ್ತೇವೆ, ಆಮೇಲೆ ಕೇಸು ಹಾಕಿಕೊಳ್ಳಿ. ಸರಪಳಿ ಸರಿಮಾಡಿ ಬರುವ ವರ್ಷ ಯಂತ್ರವನ್ನು ಖಂಡಿತ ಕಳುಹಿಸಿ. ಇದು ವ್ಯಂಗ್ಯವಲ್ಲ. ನಮ್ಮ ಹೆಣ್ಣುಮಕ್ಕಳ ನೆತ್ತಿಗೆ ಅದು ಬೇಕೇ ಬೇಕು. ಆದರೆ ಅದಕ್ಕೆ ಮೊದಲು ತಮ್ಮ ಮೇಲೆ ಊರಿನ ಹೆಂಗಸರೆಲ್ಲರ ಮುಯ್ಯಿ ನಿಂತಿದೆ, ಅದನ್ನು ತೀರಿಸತಕ್ಕದ್ದು. ಬರುವ ಗುರುವಾರ ಸೋಮಮ್ಮನ ಹೊಲದಲ್ಲಿ ಗೊಬ್ಬರ ಎರಚುವುದಿದೆ. ಬಿಳಿ ಅಂಗಿ ಬೇಡ. ಜವಾನನನ್ನು ಕಳುಹಿಸಿದರೆ ನಡೆಯುವುದಿಲ್ಲ, ಮುಯ್ಯಿಗೆ ಬದಲಿ ಆಳು ಒಪ್ಪುವ ಪದ್ಧತಿ ನಮ್ಮಲ್ಲಿಲ್ಲ. ತಾವು ಬಂದರೆ ಗೇಟಿನಾಚೆ ನಿಲ್ಲಿಸುವವರು ಇಲ್ಲಿ ಯಾರೂ ಇಲ್ಲ. ಉಣ್ಣಲು ಬಿಸಿ ಮುದ್ದೆ, ಉಪ್ಪೆಸರು ಇರುತ್ತದೆ. ಮಂಕರಿಯ ಕೆಳಗೆ ತಲೆಗಿಟ್ಟುಕೊಳ್ಳಲು ಮೆತ್ತನೆಯ ಸಿಂಬಿಯೊಂದನ್ನು ಚಿಕ್ಕಬೀರಮ್ಮ ತನ್ನ ಹಳೆಯ ಸೀರೆ ಹರಿದು ತಮಗಾಗಿ ಸುತ್ತಿಟ್ಟಿದ್ದಾಳೆ.

ಇಂತಿ,
ಹೆಂಗಸರು ಗೊಬ್ಬರ ಹೊರುವಾಗ
ಬದುವಿನ ಮೇಲೆ ಕುಳಿತು ಕಾಗದ ಬರೆದ ಗಂಡಸು,
ಶಿವನಂಜಪ್ಪ
ಮುದ್ದನಕೊಪ್ಪಲು, ರಾವಂದೂರು ಹೋಬಳಿ
ಮೇ ೧೯೭೩